ಜನನ ವಹಿಯಲ್ಲಿ ಎರಡನೆಯ ಹೆಸರು

ಶಿವಮೊಗ್ಗ ಜಿಲ್ಲೆಯ ಪುರಸಭೆ, ನಗರಸಭೆಗಳಲ್ಲಿ ನಾನು ದುಡಿದ ಮೂರು ದಶಕಗಳಲ್ಲಿ ಹೆಚ್ಚಿನ ಕಾಲ ಕಳೆದದ್ದು ಜನನ-ಮರಣ ಶಾಖೆಯಲ್ಲಿ. ಆಸ್ಪತ್ರೆಯಿಂದ ಬಂದ ನಮೂನೆಯನ್ನು ನೋಡಿ ಮಗು ಗಂಡೋ ಹೆಣ್ಣೋ, ಹುಟ್ಟಿದ ತಾರೀಖು ಯಾವುದು, ತಾಯಿ ಯಾರು, ತಂದೆ ಯಾರು ಎಂದು ವಹಿಗೆ ಇಳಿಸುವುದು ನನ್ನ ಕೆಲಸ. ಅಷ್ಟು ವರ್ಷಗಳಲ್ಲಿ ಒಬ್ಬ ಗಂಡಸನ್ನೂ ನಾನು 'ಈ ಮಗು ನಿನ್ನದೇ ಎನ್ನುವುದಕ್ಕೆ ಪುರಾವೆ ಕೊಡು' ಎಂದು ಕೇಳಿದವಳಲ್ಲ. ಕೇಳುವ ಅಧಿಕಾರವೂ ನನಗಿರಲಿಲ್ಲ. ತಾಯಿಗೆ ಮದುವೆಯಾಗಿದೆ, ಗಂಡನ ಹೆಸರು ಇಂಥದ್ದು ಎಂದು ನಮೂನೆಯಲ್ಲಿದ್ದರೆ ಅವನೇ ತಂದೆ. ಹೆರಿಗೆಯ ಹೊತ್ತಿಗೆ ಅವನು ದುಬೈಯಲ್ಲಿದ್ದರೂ ಸರಿಯೇ, ಮೇಜಿನ ಮುಂದೆ ಸಿಹಿ ಪೊಟ್ಟಣ ಹಿಡಿದು ನಿಂತಿದ್ದರೂ ಸರಿಯೇ.

ಇದಕ್ಕೆ ಕಾನೂನಿನ ಬಲವಿದೆ. 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಂ ಹೇಳುವುದು ಇಷ್ಟು: ಮದುವೆ ಊರ್ಜಿತದಲ್ಲಿರುವಾಗ, ಇಲ್ಲವೇ ಅದು ಮುರಿದ 280 ದಿನಗಳೊಳಗೆ ತಾಯಿ ಮರುಮದುವೆಯಾಗದೆ ಇದ್ದಾಗ ಹುಟ್ಟಿದ ಮಗು ಆ ಗಂಡನದೇ. ಬಸಿರಾಗಬಹುದಾಗಿದ್ದ ಸಮಯದಲ್ಲಿ ಗಂಡ ಹೆಂಡಿರು ಸೇರಲು ಅವಕಾಶವೇ ಇರಲಿಲ್ಲ ಎಂದು ಸಾಬೀತುಪಡಿಸಿದರೆ ಮಾತ್ರ ಬೇರೆ ಮಾತು. ಈಗ ಅದೇ ಮಾತು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮಿನಲ್ಲಿ ಕೂತಿದೆ. ಡಿಎನ್‌ಎ ಪರೀಕ್ಷೆ ಬಂದಮೇಲೂ, ಯಾರೋ ಕೇಳಿದರೆಂದು ಸುಮ್ಮನೆ ಅದಕ್ಕೆ ಆದೇಶ ಕೊಡಲು ನಮ್ಮ ನ್ಯಾಯಾಲಯಗಳು ಒಪ್ಪುವುದಿಲ್ಲ. ಏಕೆಂದರೆ ಕಾನೂನಿಗೆ ಇಲ್ಲಿ ಮುಖ್ಯವಾಗಿರುವುದು ಮಗು. ಅದು ಹುಟ್ಟಿದ ದಿನವೇ ಅದಕ್ಕೆ ಇಬ್ಬರು ಹೊಣೆಗಾರರು ಬೇಕು. ರಕ್ತ ಯಾರದ್ದು ಎಂದು ಹುಡುಕುತ್ತ ಕೂತರೆ ಆ ಹೊಣೆಗಾರಿಕೆ ಯಾರ ಹೆಗಲಿಗೂ ಬೀಳುವುದಿಲ್ಲ.

ನನ್ನ ಮಗಳು ಸಾಗರದಲ್ಲಿ ಹುಟ್ಟಿ, ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದಿ, ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದವಳು. ಲೀಡ್ಸ್ ನಗರದಲ್ಲಿದ್ದಾಳೆ. ಅಲ್ಲಿಯದೇ ಒಬ್ಬ ಹೆಣ್ಣುಮಗಳನ್ನು ಮದುವೆಯಾಗಿದ್ದಾಳೆ. ಯಾರ್ಕ್‌ಷೈರಿನ ಹುಡುಗಿ, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಾನು ಅವಳನ್ನು ಸೊಸೆ ಎನ್ನುತ್ತೇನೆ, ಅವಳು ನನ್ನನ್ನು ಅಮ್ಮ ಎನ್ನುತ್ತಾಳೆ. ಅವರಿಗೆ ಒಂದು ಹೆಣ್ಣುಮಗುವಿದೆ. ಹೊತ್ತು ಹೆತ್ತವಳು ಸೊಸೆ. ವೀರ್ಯ ದಾನಿಯದು, ಪರವಾನಗಿ ಪಡೆದ ಕ್ಲಿನಿಕ್ಕಿನ ಮೂಲಕ ಬಂದದ್ದು. ನನ್ನ ಮಗಳಿಗೂ ಮಗುವಿಗೂ ರಕ್ತಸಂಬಂಧವಿಲ್ಲ. ಹಾಗಾಗಿ ನನಗೂ ಇಲ್ಲ.

ಊರಿನಲ್ಲಿ ಈ ವಿಷಯ ತಿಳಿದವರೆಲ್ಲ, ನನ್ನ ಮೇಲೆ ಪ್ರೀತಿಯಿರುವವರೂ ಸಹ, ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದೇ: 'ಹಂಗಾದ್ರೆ ಮಗು ಯಾರದ್ದು?' ಆ ಪ್ರಶ್ನೆಗೆ ನನ್ನ ಭಾವನೆಯನ್ನು ಉತ್ತರವಾಗಿ ಕೊಡಲು ನನಗಿಷ್ಟವಿಲ್ಲ. ಅದು ಕೇಳುವವರಿಗೂ ಗೊತ್ತು. ಕಾನೂನು ಏನು ಉತ್ತರ ಕೊಡುತ್ತದೆ ಎಂಬುದನ್ನು ಹೇಳುತ್ತೇನೆ. ಅದು ನನ್ನ ಕಸುಬಿಗೆ ಹತ್ತಿರದ ಮಾತು. ನಮ್ಮ ಕಡೆಯ ಎಷ್ಟೋ ಮಕ್ಕಳು ಇವತ್ತು ಲಂಡನ್, ಟೊರಾಂಟೊ, ಸಿಡ್ನಿಗಳಲ್ಲಿ ಇಂಥ ಸಂಸಾರ ಹೂಡಿದ್ದಾರೆ. ಬೆಂಗಳೂರಿನಲ್ಲೂ ಹೂಡುತ್ತಿದ್ದಾರೆ. ಅವರ ಅಪ್ಪ ಅಮ್ಮಂದಿರಿಗೂ ಇದು ತಿಳಿದಿರಬೇಕು.

ದಾನಿಯ ವೀರ್ಯದಿಂದ ಬಸಿರಾಗುವ ಚಿಕಿತ್ಸೆ ಹೊಸದೇನಲ್ಲ. ಸಲಿಂಗ ದಂಪತಿಗಳಿಗಾಗಿ ಹುಟ್ಟಿದ್ದೂ ಅಲ್ಲ. 1945ರಲ್ಲೇ ಮೇರಿ ಬಾರ್ಟನ್ ಎಂಬ ವೈದ್ಯೆ ತಮ್ಮ ಸಹೋದ್ಯೋಗಿಗಳೊಂದಿಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಬಗ್ಗೆ ಬರೆದಿದ್ದರು. ಆಗ ಅದು ಗಂಡನಿಂದ ಮಕ್ಕಳಾಗದ ದಂಪತಿಗಳಿಗೆ ಗುಟ್ಟಿನಲ್ಲಿ ನಡೆಯುತ್ತಿದ್ದ ಚಿಕಿತ್ಸೆ. 1948ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ನೇಮಿಸಿದ್ದ ಸಮಿತಿ ಇದನ್ನು ಅಪರಾಧವೆಂದು ಸಾರಬೇಕು ಎಂದು ಶಿಫಾರಸು ಮಾಡಿತು. ಸರ್ಕಾರ ಅಷ್ಟು ದೂರ ಹೋಗಲಿಲ್ಲ. ಆದರೆ ಕಾನೂನಿನ ಕಣ್ಣಿನಲ್ಲಿ ಹಾಗೆ ಹುಟ್ಟಿದ ಮಗು ಅನೌರಸ. ಹೆಂಡತಿಯ ಚಿಕಿತ್ಸೆಗೆ ಒಪ್ಪಿ, ಜೊತೆಗೆ ಹೋಗಿ, ಹಗಲೂ ರಾತ್ರಿ ಕಾದು ಕೂತ ಗಂಡ ಮಗುವಿನ ತಂದೆಯೆಂದು ತನ್ನ ಹೆಸರು ಬರೆಸಿದರೆ ಅದು ಸುಳ್ಳು ಹೇಳಿಕೆ, ಶಿಕ್ಷಾರ್ಹ. ಗಂಡಂದಿರು ಬರೆಸುತ್ತಲೇ ಇದ್ದರು. ವೈದ್ಯರು ಬಾಯಿ ಬಿಡಲಿಲ್ಲ. ನೋಂದಣಿ ಮಾಡುವವರು ನನ್ನ ಹಾಗೆಯೇ ಪುರಾವೆ ಕೇಳಲಿಲ್ಲ. ಹೀಗೆ ನಾಲ್ಕು ದಶಕ ಇಂಗ್ಲೆಂಡಿನ ಜನನ ವಹಿಗಳಲ್ಲಿ ಸುಳ್ಳು ನಮೂದುಗಳು ಬಿದ್ದವು, ಮಕ್ಕಳು ಚೆನ್ನಾಗಿ ಬೆಳೆದರು.

ಇದನ್ನು ಓದಿದಾಗ ನನಗೆ ತುಂಬ ಯೋಚನೆಯಾಯಿತು. ಆ ಗಂಡಂದಿರು ಮೋಸಗಾರರೇನೂ ಅಲ್ಲ. ತಾವು ಬಯಸಿ ಪಡೆದ ಮಗುವಿಗೆ ತಂದೆಯಾಗಲು ಕಾನೂನು ಅವರಿಗೆ ಬೇರೆ ದಾರಿ ಇಟ್ಟಿರಲಿಲ್ಲ. 1978ರಲ್ಲಿ ಪ್ರಪಂಚದ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನ ಓಲ್ಡಂನಲ್ಲಿ ಹುಟ್ಟಿದ ಮೇಲೆ ಸರ್ಕಾರಕ್ಕೆ ಈ ಇಡೀ ವಿಷಯವನ್ನು ಬೆಳಕಿಗೆ ತರದೆ ಬೇರೆ ದಾರಿ ಇರಲಿಲ್ಲ. ತತ್ತ್ವಶಾಸ್ತ್ರ ಬಲ್ಲ ಮೇರಿ ವಾರ್ನಕ್ ಅವರ ಅಧ್ಯಕ್ಷತೆಯ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ಅದರ ಹಿಂದೆಯೇ 1987ರ ಕೌಟುಂಬಿಕ ಕಾನೂನು ಸುಧಾರಣಾ ಕಾಯ್ದೆ ಬಂತು: ದಾನಿಯ ವೀರ್ಯದಿಂದ ಹೆಂಡತಿ ಬಸಿರಾಗುವುದಕ್ಕೆ ಗಂಡ ಒಪ್ಪದೆ ಇದ್ದ ಎಂದು ಸಾಬೀತಾಗದಿದ್ದರೆ ಅವನೇ ತಂದೆ. 1990ರಲ್ಲಿ ಬಂದ ಮಾನವ ಗರ್ಭಧಾರಣೆ ಮತ್ತು ಭ್ರೂಣಶಾಸ್ತ್ರ ಕಾಯ್ದೆ ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ರಕ್ತವಿಲ್ಲದೆಯೂ ತಂದೆಯಾಗಬಹುದು, ಒಪ್ಪಿಗೆಯೇ ಸಾಕು ಎಂಬ ಮಾತನ್ನು ಕಾನೂನು ಮೊದಲು ಆಡಿದ್ದು ಗಂಡಂದಿರಿಗಾಗಿ. ಹೆಣ್ಣು ದಂಪತಿಗಳಿಗೆ ಅದೇ ಮಾತು ಸಿಗಲು ಇನ್ನೂ ಎರಡು ದಶಕ ಬೇಕಾಯಿತು.

1990ರ ಕಾಯ್ದೆಯಲ್ಲಿ ಒಂದು ಸಾಲಿತ್ತು: ಚಿಕಿತ್ಸೆ ಕೊಡುವ ಮುನ್ನ, ಹುಟ್ಟುವ ಮಗುವಿಗೆ ತಂದೆಯ ಅಗತ್ಯವನ್ನೂ ಕ್ಲಿನಿಕ್ಕುಗಳು ಗಮನಿಸಬೇಕು. ಆ ಸಾಲನ್ನು ತೋರಿಸಿ ಕೆಲವು ಹೆಣ್ಣುಮಕ್ಕಳನ್ನು ಬಾಗಿಲಿಂದಲೇ ಹಿಂದೆ ಕಳಿಸಿದ್ದುಂಟು. ಹೇಗೋ ಮಗುವಾದರೆ ಹೆತ್ತವಳು ಮಾತ್ರ ತಾಯಿ. ಅವಳ ಸಂಗಾತಿಗೆ ಏನೂ ಇಲ್ಲ, ತಾನೇ ಎತ್ತಿ ಆಡಿಸಿದ ಮಗುವನ್ನು ಅವಳು ದತ್ತು ಪಡೆಯಬೇಕು. 2008ರಲ್ಲಿ ಕಾಯ್ದೆಯನ್ನು ಹೊಸದಾಗಿ ಬರೆದಾಗ ತಂದೆಯ ಅಗತ್ಯ ಎಂಬುದನ್ನು ತೆಗೆದು ಆಸರೆಯಾಗಿ ನಿಲ್ಲುವ ಪೋಷಣೆಯ ಅಗತ್ಯ ಎಂದು ಮಾಡಿದರು. ಜೊತೆಗೆ, ಎರಡನೆಯ ತಾಯಿಗೆ ಹುಟ್ಟಿನಿಂದಲೇ ಸ್ಥಾನ ಕೊಡುವ ಕಲಮುಗಳು ಬಂದವು. 2009ರ ಏಪ್ರಿಲ್ 6ರಿಂದ ಜಾರಿ. ಆ ದಿನ ಅಥವಾ ಆಮೇಲೆ ಆದ ಗರ್ಭಧಾರಣೆಗೆ ಅನ್ವಯ.

ನನ್ನ ಮಗಳ ಮನೆಯಲ್ಲಿ 42ನೇ ಕಲಂ ಎಂದರೆ ಎಲ್ಲರಿಗೂ ಗೊತ್ತು. ವೀರ್ಯವನ್ನು ಗರ್ಭಕ್ಕೆ ಸೇರಿಸಿದ ಸಮಯದಲ್ಲಿ ಆ ಹೆಣ್ಣು ಮತ್ತೊಬ್ಬ ಹೆಣ್ಣಿನೊಂದಿಗೆ ಮದುವೆಯಾಗಿದ್ದರೆ, ಅಥವಾ ಸಿವಿಲ್ ಪಾರ್ಟ್‌ನರ್‌ಶಿಪ್ ಮಾಡಿಕೊಂಡಿದ್ದರೆ, ಆ ಮತ್ತೊಬ್ಬಳೂ ಮಗುವಿನ ಪೋಷಕಿ. ಅವಳು ಒಪ್ಪಿರಲಿಲ್ಲ ಎಂದು ಸಾಬೀತಾದರೆ ಮಾತ್ರ ಅಲ್ಲ. 45ನೇ ಕಲಂ ಇದರ ಬೆನ್ನಿಗೆ ನಿಲ್ಲುತ್ತದೆ: ಹೀಗೆ ಎರಡನೆಯ ಪೋಷಕಿ ಇದ್ದ ಮೇಲೆ ಯಾವ ಗಂಡಸನ್ನೂ ಆ ಮಗುವಿನ ತಂದೆಯೆಂದು ಪರಿಗಣಿಸುವಂತಿಲ್ಲ. ದಾನಿಗೆ ಹಕ್ಕೂ ಇಲ್ಲ, ಹೊಣೆಯೂ ಇಲ್ಲ. ಚಿಕಿತ್ಸೆ ಬ್ರಿಟನ್ನಿನಲ್ಲೇ ಆಗಿರಬೇಕೆಂದೂ ಇಲ್ಲ. ದಂಪತಿ ಡೆನ್ಮಾರ್ಕಿಗೋ ಸ್ಪೇನಿಗೋ ಹೋಗಿ ಮಾಡಿಸಿಕೊಂಡು ಬಂದರೂ ಕಲಂ ಅನ್ವಯಿಸುತ್ತದೆ.

ಇಲ್ಲಿ ಎಲ್ಲವೂ ನಿಂತಿರುವುದು ತಾರೀಖಿನ ಮೇಲೆ. ಮಗು ಹುಟ್ಟಿದ ತಾರೀಖು ಲೆಕ್ಕಕ್ಕಿಲ್ಲ, ಗರ್ಭಧಾರಣೆಗೆ ಪ್ರಯತ್ನಿಸಿದ ದಿನ ಮದುವೆಯಾಗಿತ್ತೇ ಎಂಬುದೇ ಲೆಕ್ಕ. ಮಗಳು ಫೋನಿನಲ್ಲಿ ಹೇಳಿದ್ದು ನೆನಪಿದೆ: 'ಅಮ್ಮಾ, ಮೊದ್ಲು ಮದ್ವೆ ರಿಜಿಸ್ಟರ್ ಆಗ್ಲಿ, ಕ್ಲಿನಿಕ್ಕಿಗೆ ಆಮೇಲೆ ಹೋಗ್ತೀವಿ. ಹಿಂದೆ ಮುಂದೆ ಆದ್ರೆ ತಾಪತ್ರಯ.' ಅವಳು ಚಿಕ್ಕಂದಿನಲ್ಲಿ ಶಾಲೆ ಬಿಟ್ಟಮೇಲೆ ನನ್ನ ಕಚೇರಿಗೆ ಬಂದು ಮೂಲೆಯ ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದವಳು. ತಾರೀಖು ತಪ್ಪಿದರೆ ಜನ ಎಷ್ಟು ಅಲೆಯುತ್ತಾರೆ ಎಂದು ಕಣ್ಣಾರೆ ನೋಡಿದ್ದಾಳೆ.

ಅವರ ಸ್ನೇಹಿತರ ಬಳಗದಲ್ಲಿ ಒಂದು ಜೋಡಿಗೆ ಆ ಅದೃಷ್ಟವಿರಲಿಲ್ಲ. ಮದುವೆಯ ಬಗ್ಗೆ ಅವರಿಗೆ ನಂಬಿಕೆಯಿರಲಿಲ್ಲ, ಕ್ಲಿನಿಕ್ಕಿನ ಖರ್ಚು ಹೊರುವ ಶಕ್ತಿಯೂ ಇರಲಿಲ್ಲ. ಪರಿಚಯದ ಒಬ್ಬ ಗೆಳೆಯ ವೀರ್ಯ ಕೊಟ್ಟ. ಮನೆಯಲ್ಲೇ ಸಿರಿಂಜಿನಿಂದ ಪ್ರಯತ್ನಿಸಿದರು, ಬಸಿರಾಯಿತು. ಆ ದೇಶದ ಕಾನೂನಿನಂತೆ ಅಲ್ಲಿ ಆ ಗೆಳೆಯನೇ ಮಗುವಿನ ತಂದೆ. ಮೂವರೂ ಕೂತು ಬೇರೆ ಕರಾರು ಬರೆದುಕೊಂಡಿದ್ದರೂ ಅದಕ್ಕೆ ಕಾನೂನನ್ನು ಮೀರುವ ಬಲವಿಲ್ಲ. ಜೀವನಾಂಶ ಕೊಡು ಎಂದು ಸರ್ಕಾರಿ ಸಂಸ್ಥೆ ಅವನ ಬೆನ್ನು ಹತ್ತಬಹುದು. ಮಗುವನ್ನು ನೋಡಲು ಬಿಡಿ ಎಂದು ಅವನು ನ್ಯಾಯಾಲಯಕ್ಕೆ ಹೋಗಬಹುದು. ರಾತ್ರಿಯೆಲ್ಲ ಎದ್ದು ಮಗುವಿಗೆ ಹಾಲು ಕುಡಿಸಿದ ಎರಡನೆಯ ಹೆಣ್ಣುಮಗಳು ಮಾತ್ರ ಕಾಗದದಲ್ಲಿ ಎಲ್ಲೂ ಇಲ್ಲ. ಅವಳು ದತ್ತು ಪ್ರಕ್ರಿಯೆಗೆ ಹೋಗಬೇಕಾಯಿತು. ಸಮಾಜ ಕಾರ್ಯಕರ್ತೆಯೊಬ್ಬರು ಮನೆಗೆ ಬಂದು ಬಾಲ್ಯ ಹೇಗಿತ್ತು, ಸಿಟ್ಟು ಬರುತ್ತದೆಯೇ, ಸಾಲವೆಷ್ಟಿದೆ ಎಂದು ಕೇಳಿ ವರದಿ ಬರೆದರು. ಅದೇ ಜೋಡಿ ಅದೇ ಗೆಳೆಯನಿಂದ ಅದೇ ಸಿರಿಂಜು ಬಳಸುವ ಮೊದಲು ನೋಂದಣಿ ಕಚೇರಿಗೆ ಹೋಗಿ ಮದುವೆಯಾಗಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಮದುವೆಯಾಗಿದ್ದರೂ, ಸಿರಿಂಜಿನ ಬದಲು ಗಂಡಸಿನೊಂದಿಗೆ ಕೂಡಿ ಬಸಿರಾದರೆ ಈ ಕಲಂ ಕೆಲಸಕ್ಕೆ ಬರುವುದಿಲ್ಲ, ಅವನೇ ತಂದೆ.

ಮದುವೆಯಾಗದವರಿಗೂ ಕಾಯ್ದೆ ಒಂದು ಬಾಗಿಲು ಇಟ್ಟಿದೆ. ಬ್ರಿಟನ್ನಿನ ಪರವಾನಗಿ ಪಡೆದ ಕ್ಲಿನಿಕ್ಕಿನಲ್ಲೇ ಚಿಕಿತ್ಸೆ ಆಗಬೇಕು. ಅದಕ್ಕೆ ಮುಂಚೆ, ಬಸಿರಾಗುವವಳು ಒಂದು ನಮೂನೆಗೆ, ಅವಳ ಸಂಗಾತಿ ಇನ್ನೊಂದಕ್ಕೆ ಸಹಿ ಹಾಕಬೇಕು: ಹುಟ್ಟುವ ಮಗುವಿಗೆ ಇವಳೂ ಪೋಷಕಿ ಎಂದು ನಾನು ಒಪ್ಪಿದ್ದೇನೆ, ನಾನೂ ಒಪ್ಪಿದ್ದೇನೆ. ಕೇಳಲು ಸಣ್ಣ ಸಂಗತಿ. ಆದರೆ 2013ರಲ್ಲಿ ಒಂದು ಹೆಣ್ಣು ಜೋಡಿಯ ಪ್ರಕರಣದಲ್ಲಿ, ಕ್ಲಿನಿಕ್ಕು ಈ ಕಾಗದಗಳನ್ನು ಸರಿಯಾದ ಸಮಯಕ್ಕೆ ಸರಿಯಾಗಿ ಮಾಡಿಸಿಲ್ಲ ಎಂಬ ಕಾರಣಕ್ಕೆ ಹೈಕೋರ್ಟು ಎರಡನೆಯವಳು ಪೋಷಕಿಯಲ್ಲ ಎಂದು ಹೇಳಬೇಕಾಯಿತು. ಗಾಬರಿಗೊಂಡ ನಿಯಂತ್ರಣ ಪ್ರಾಧಿಕಾರ ಎಲ್ಲ ಕ್ಲಿನಿಕ್ಕುಗಳಿಗೂ ಕಡತ ತೆಗೆದು ನೋಡಲು ಹೇಳಿತು. 109 ಕ್ಲಿನಿಕ್ಕುಗಳ ಪೈಕಿ 51ರಲ್ಲಿ, ಅಂದರೆ ನೂರಕ್ಕೆ 46ರಷ್ಟು ಕಡೆ, ಲೋಪ ಸಿಕ್ಕಿತು. ನಮೂನೆ ಕಳೆದಿತ್ತು, ಅಥವಾ ಹಾಳೆ ಇರಲಿಲ್ಲ, ಅಥವಾ ತಪ್ಪು ಕಡೆ ಗುರುತು, ಅಥವಾ ಚಿಕಿತ್ಸೆಯ ಮಾರನೆಯ ದಿನದ ಸಹಿ. ಇದರಲ್ಲಿ ಮದುವೆಯಾಗದ ಗಂಡು-ಹೆಣ್ಣಿನ ಜೋಡಿಗಳೂ ಇದ್ದರು, ಅವರಿಗೂ ಇದೇ ನಿಯಮ. ವರ್ಷಗಟ್ಟಲೆ ಅಪ್ಪನಾಗಿ, ಅಮ್ಮನಾಗಿ ಬದುಕಿದವರಿಗೆ ಒಂದು ದಿನ ಕ್ಲಿನಿಕ್ಕಿನಿಂದ ಪತ್ರ ಬಂತು: ಕಾನೂನಿನ ಪ್ರಕಾರ ನೀವು ಮಗುವಿಗೆ ಏನೂ ಅಲ್ಲದಿರಬಹುದು.

ಆ ಪತ್ರ ಬರೆದ ಗುಮಾಸ್ತರ ಬಗ್ಗೆ ನಾನು ಯೋಚಿಸಿದ್ದೇನೆ. ಒಂದು ಹಾಳೆ ಕಡತದಲ್ಲಿ ಇಲ್ಲದಿರುವುದು ನಮ್ಮಂಥವರಿಗೆ ಮಾಮೂಲಿ ಎನಿಸಿಬಿಡುತ್ತದೆ. ಆ ಹಾಳೆಯ ಇನ್ನೊಂದು ತುದಿಯಲ್ಲಿ ಮಗುವಿದೆ ಎಂಬುದು ಮರೆತುಹೋಗುತ್ತದೆ. 2015ರ ಸೆಪ್ಟೆಂಬರಿನಲ್ಲಿ ಕೌಟುಂಬಿಕ ನ್ಯಾಯಾಲಯ ವಿಭಾಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಸರ್ ಜೇಮ್ಸ್ ಮನ್‌ಬಿ ಇಂಥ ಎಂಟು ಪ್ರಕರಣಗಳನ್ನು ಒಟ್ಟಿಗೆ ತೆಗೆದುಕೊಂಡು, ಇಡೀ ಕ್ಷೇತ್ರದ ಅಸಮರ್ಥತೆಯನ್ನು ಕಟುವಾಗಿ ಟೀಕಿಸಿದರು. ಕಳೆದುಹೋದ ನಮೂನೆಯಲ್ಲಿ ಸಹಿ ಇದ್ದಿತ್ತೆಂದು ಬೇರೆ ಸಾಕ್ಷ್ಯದಿಂದ ತೋರಿಸಬಹುದು, ಎದ್ದು ಕಾಣುವ ತಪ್ಪನ್ನು ನ್ಯಾಯಾಲಯ ತಿದ್ದಬಹುದು ಎಂಬ ದಾರಿ ಮಾಡಿಕೊಟ್ಟರು. ಆಮೇಲೆ ಅದೇ ಹಾದಿಯಲ್ಲಿ ಇನ್ನೂ ಹಲವು ಕುಟುಂಬಗಳು ಪೋಷಕತ್ವದ ಘೋಷಣೆ ಪಡೆದವು. ಈ ತೀರ್ಪನ್ನು ಮಗಳು ಮುದ್ರಿಸಿ ಕೊಟ್ಟಳು. ನಿಘಂಟು ಪಕ್ಕದಲ್ಲಿಟ್ಟುಕೊಂಡು ನಾನು ಪೂರ್ತಿ ಓದಿದೆ. ನೋಂದಣಿ ಕೆಲಸಕ್ಕೆ ಹೊಸದಾಗಿ ಸೇರುವವರಿಗೆಲ್ಲ ಇದನ್ನು ಓದಿಸಬೇಕೆನಿಸಿತು.

ನಮ್ಮ ಮಗುವಿನ ನೋಂದಣಿ ಸಲೀಸಾಗಿ ಆಯಿತು. ಇಂಗ್ಲೆಂಡಿನಲ್ಲಿ 42 ದಿನಗಳ ಗಡುವು. ಸೊಸೆಗೆ ಸಿಸೇರಿಯನ್ ಆಗಿದ್ದರಿಂದ ಮಗಳೊಬ್ಬಳೇ ಹೋದಳು. ಮದುವೆಯಾದ ದಂಪತಿಯಾದರೆ ಇಬ್ಬರಲ್ಲಿ ಯಾರೊಬ್ಬರು ಹೋದರೂ ಸಾಕು, ಇಬ್ಬರ ಹೆಸರೂ ಬರುತ್ತದೆ. ಅಲ್ಲಿನ ಜನನ ಪತ್ರದಲ್ಲಿ ತಾಯಿಯದು ಒಂದು ಕಾಲಂ, ತಂದೆ ಅಥವಾ ಪೋಷಕರದು ಇನ್ನೊಂದು. ಪ್ರತಿಯೊಬ್ಬರ ಹೆಸರು, ಉದ್ಯೋಗದ ಜೊತೆಗೆ ಹುಟ್ಟಿದ ಸ್ಥಳವನ್ನೂ ಬರೆಯುತ್ತಾರೆ. ಹಾಗಾಗಿ ಲೀಡ್ಸ್ ನಗರದ ವಹಿಯೊಂದರಲ್ಲಿ ಈಗ ಸಾಗರ ಎಂಬ ಊರಿನ ಹೆಸರಿದೆ. ನಮ್ಮ ಮನೆಯವರು ಆ ಪತ್ರದ ನಕಲನ್ನು ದೇವರ ಮನೆಯ ಗೂಡಿನಲ್ಲಿ ಜಾತಕಗಳ ಜೊತೆ ಇಟ್ಟಿದ್ದಾರೆ. ಮಗಳ ಮದುವೆಯ ವಿಷಯ ತಿಳಿದಾಗ ಎಂಟು ತಿಂಗಳು ಮಾತು ಬಿಟ್ಟಿದ್ದವರು ಅವರು.

ದಾನಿಯ ಬಗ್ಗೆಯೂ ಜನ ಕೇಳುತ್ತಾರೆ. ಮುಂದೆ ಮಗು ತನ್ನ ಮೂಲವನ್ನು ಹುಡುಕಿದರೆ? ಹುಡುಕಲಿ, ಅದು ಅವಳ ಹಕ್ಕು. 2005ರ ಏಪ್ರಿಲ್ 1ರಿಂದ ಬ್ರಿಟನ್ನಿನಲ್ಲಿ ಅನಾಮಧೇಯ ದಾನಕ್ಕೆ ಅವಕಾಶವಿಲ್ಲ. ಮಗುವಿಗೆ 16 ತುಂಬಿದಾಗ ದಾನಿಯ ಗುರುತು ಬಿಟ್ಟುಕೊಡದ ವಿವರಗಳನ್ನು ಕೇಳಬಹುದು, 18 ತುಂಬಿದಾಗ ಹೆಸರನ್ನೇ ಕೇಳಬಹುದು. ಒಬ್ಬ ದಾನಿಯಿಂದ ಹತ್ತಕ್ಕಿಂತ ಹೆಚ್ಚು ಕುಟುಂಬಗಳಲ್ಲಿ ಮಕ್ಕಳಾಗುವಂತಿಲ್ಲ. ಇದಕ್ಕೆಲ್ಲ ಪ್ರಾಧಿಕಾರ 1991ರ ಆಗಸ್ಟಿನಿಂದ ಬೇರೆಯೇ ಒಂದು ದಾಖಲೆ ಇಟ್ಟುಕೊಂಡು ಬಂದಿದೆ. ಈ ವ್ಯವಸ್ಥೆ ನನಗೆ ಬಹಳ ಸರಿಯೆನಿಸುತ್ತದೆ. ಮಗುವಿನ ಹೊಣೆ ಯಾರದ್ದು ಎಂಬುದಕ್ಕೆ ಒಂದು ವಹಿ, ಬೀಜ ಯಾರದ್ದು ಎಂಬುದಕ್ಕೆ ಇನ್ನೊಂದು. ಎರಡು ಪ್ರಶ್ನೆಗಳನ್ನೂ ಒಂದೇ ಕಾಲಮಿನಲ್ಲಿ ತುರುಕಲು ಹೋಗಿಯೇ ಹಿಂದೆ ಗಂಡಂದಿರು ಸುಳ್ಳು ಬರೆಸಬೇಕಾಗಿ ಬಂದದ್ದು, ಮಕ್ಕಳು ತಮ್ಮ ಹುಟ್ಟಿನ ವಿಷಯ ತಿಳಿಯದೆ ಮುದುಕರಾದದ್ದು.

ಆದರೆ ಲೀಡ್ಸ್‌ನ ಕಾಗದ ಲೀಡ್ಸ್‌ನಲ್ಲಿ ನಡೆದಂತೆ ಎಲ್ಲ ಕಡೆಯೂ ನಡೆಯುವುದಿಲ್ಲ. ಸ್ಪೇನಿನಲ್ಲಿ 2019ರಲ್ಲಿ ಹುಟ್ಟಿದ ಒಂದು ಹೆಣ್ಣುಮಗುವಿನ ತಾಯಂದಿರಲ್ಲಿ ಒಬ್ಬಳು ಬಲ್ಗೇರಿಯಾದವಳು. ಸ್ಪೇನಿನ ಜನನ ಪತ್ರದಲ್ಲಿ ಇಬ್ಬರ ಹೆಸರೂ ಇತ್ತು. ಹೆತ್ತವಳು ಯಾರೆಂದು ಹೇಳದೆ ಪತ್ರ ಕೊಡುವುದಿಲ್ಲ ಎಂದು ಬಲ್ಗೇರಿಯಾ ಹಟ ಹಿಡಿಯಿತು. ಮಗುವಿಗೆ ಪಾಸ್‌ಪೋರ್ಟೇ ಇಲ್ಲದಂತಾಯಿತು. 2021ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಮಗುವಿನ ಪರ ತೀರ್ಪು ಕೊಟ್ಟರೂ, 2023ರಲ್ಲಿ ಬಲ್ಗೇರಿಯಾದ ಸರ್ವೋಚ್ಚ ಆಡಳಿತ ನ್ಯಾಯಾಲಯ ಜನನ ಪತ್ರ ನಿರಾಕರಿಸಿತು. ಇಟಲಿಯ ಪಾದುವಾ ನಗರದಲ್ಲಿ ಅದೇ ವರ್ಷ, ಮೇಯರ್ ಆಗಲೇ ನೋಂದಾಯಿಸಿದ್ದ 33 ಜನನ ಪತ್ರಗಳಿಂದ ಎರಡನೆಯ ತಾಯಿಯ ಹೆಸರು ತೆಗೆಸಲು ಸರ್ಕಾರಿ ವಕೀಲರು ಹೊರಟರು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳೂ ಅದರಲ್ಲಿದ್ದರು. 2025ರ ಮೇ 22ರಂದು ಇಟಲಿಯ ಸಾಂವಿಧಾನಿಕ ನ್ಯಾಯಾಲಯ, ವಿದೇಶದಲ್ಲಿ ಚಿಕಿತ್ಸೆ ಪಡೆದು ಇಟಲಿಯಲ್ಲಿ ಹೆತ್ತಾಗ ಇಬ್ಬರು ತಾಯಂದಿರನ್ನೂ ಗುರುತಿಸದಿರುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಅಮೆರಿಕದ ಆರ್ಕನ್ಸಾ ರಾಜ್ಯದ ಪ್ರಕರಣ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಹೆಂಡತಿ ದಾನಿಯ ವೀರ್ಯದಿಂದ ಹೆತ್ತರೆ ಗಂಡನ ಹೆಸರನ್ನು ಬರೆಯಬೇಕು ಎಂದು ಆ ರಾಜ್ಯದ ಕಾನೂನೇ ಹೇಳುತ್ತಿತ್ತು. ಆದರೆ ಹೆಂಡತಿಗೆ ಹೆಂಡತಿ ಇದ್ದರೆ ಬರೆಯುವುದಿಲ್ಲ ಎಂದರು. 2017ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟು ಆ ಭೇದವನ್ನು ತಳ್ಳಿಹಾಕಿತು. ಗಂಡನಿಗೆ ರಕ್ತದ ಪುರಾವೆ ಕೇಳದವರು ಇವಳಿಗೆ ಮಾತ್ರ ಹೇಗೆ ಕೇಳುತ್ತೀರಿ? ಊರಿನಲ್ಲಿ ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳುವುದೂ ಇಷ್ಟನ್ನೇ.

ಈಗ ನಮ್ಮ ದೇಶಕ್ಕೆ ಬರುತ್ತೇನೆ. ಮಗಳು, ಸೊಸೆ, ಮಗು ಮೂವರೂ ಊರಿಗೆ ಬಂದಿದ್ದಾಗ ಮಗುವಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ದಾಖಲಾತಿ ಅರ್ಜಿಯಲ್ಲಿ ತಾಯಿ, ತಂದೆ ಎಂದು ಎರಡು ಸಾಲು. ಮಗು 'ಅಮ್ಮಾ' ಎಂದು ಕೈ ಚಾಚಿದ್ದು ನನ್ನ ಮಗಳ ಕಡೆಗೆ, ಸಹಿ ಹಾಕಿದ್ದು ಸೊಸೆ. ಸೊಸೆ ಬರದೆ ಮಗಳೊಬ್ಬಳೇ ಮಗುವನ್ನು ಕರೆತಂದಿದ್ದರೆ ಎಂಬ ಯೋಚನೆ ಆ ರಾತ್ರಿ ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಈಗ ಅವರು ಎಲ್ಲಿಗೆ ಹೋದರೂ ಜನನ ಪತ್ರದ ದೃಢೀಕೃತ ನಕಲು, ಮದುವೆಯ ಪತ್ರ, ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ಇಬ್ಬರಿಗೂ ಇದೆ ಎಂಬ ನೋಟರಿ ಪತ್ರ ಇಟ್ಟುಕೊಂಡೇ ಹೊರಡುತ್ತಾರೆ.

ನಮ್ಮಲ್ಲಿ ದಾನಿಯ ವೀರ್ಯದ ಚಿಕಿತ್ಸೆಯನ್ನು ನೋಡಿಕೊಳ್ಳುವುದು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ. ಅದರ ಪ್ರಕಾರ ಚಿಕಿತ್ಸೆ ಸಿಗುವುದು ಮಕ್ಕಳಾಗದ ವಿವಾಹಿತ ದಂಪತಿಗೆ, ಇಲ್ಲವೇ ಒಂಟಿ ಹೆಣ್ಣಿಗೆ. ಹೆಣ್ಣಿನ ವಯಸ್ಸು 21 ದಾಟಿರಬೇಕು, 50 ದಾಟಿರಬಾರದು. ಬಾಡಿಗೆ ತಾಯ್ತನದ ಕಾಯ್ದೆ ಮದುವೆಯಾಗದ ಹೆಣ್ಣನ್ನು ಹೊರಗಿಟ್ಟಿದೆ, ಈ ಕಾಯ್ದೆ ಒಳಗಿಟ್ಟುಕೊಂಡಿದೆ. ಹೀಗೆ ಹುಟ್ಟಿದ ಮಗು ಚಿಕಿತ್ಸೆ ಪಡೆದ ದಂಪತಿಯ ಸ್ವಂತ ಮಗು ಎಂದೇ 31ನೇ ಕಲಂ ಹೇಳುತ್ತದೆ. ದಾನಿ ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಡುತ್ತಾನೆ. ಅಂದರೆ ಬೆಂಗಳೂರಿನಲ್ಲಿ ಒಟ್ಟಿಗೆ ಬಾಳುತ್ತಿರುವ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಒಂಟಿ ಹೆಣ್ಣೆಂದು ಕ್ಲಿನಿಕ್ಕಿಗೆ ಹೋಗಿ ತಾಯಿಯಾಗಬಹುದು. ಜನನ ಪತ್ರ ಪಡೆಯಲು ತಂದೆಯ ಹೆಸರು ಬೇಕಿಲ್ಲ. ಮದುವೆಯಾಗದ ತಾಯಿ ಪ್ರಮಾಣಪತ್ರ ಕೊಟ್ಟರೆ ಸಾಕು ಎಂದು 2015ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ತೀರ್ಪಿಗೆ ಮೊದಲು, ತಂದೆಯ ಕಾಲಮಿನ ಮುಂದೆ ತಲೆ ತಗ್ಗಿಸಿ ನಿಂತು, ಕೊನೆಗೆ ತಮ್ಮ ಅಣ್ಣನ ಹೆಸರನ್ನೋ ಬಾಯಿಗೆ ಬಂದ ಹೆಸರನ್ನೋ ಹೇಳುತ್ತಿದ್ದ ಹುಡುಗಿಯರನ್ನು ನಾನು ನೋಡಿದ್ದೇನೆ. ಅವರಿಗಾಗಿ ನನಗೆ ಆ ತೀರ್ಪು ಬಂದ ದಿನ ಕಣ್ಣು ತುಂಬಿತ್ತು.

ಆದರೆ ಇನ್ನೊಬ್ಬಳು? ಅವಳಿಗೆ ಯಾವ ಬಾಗಿಲೂ ಇಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಅದೇ ಕೋರ್ಟಿನ ಐವರ ಪೀಠ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಸಲಿಂಗ ಮದುವೆಗೆ ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದಿತು. ದತ್ತಿನ ವಿಷಯದಲ್ಲಿ ಪೀಠ ಒಡೆಯಿತು. ಜೋಡಿಯಾಗಿ ದತ್ತು ಪಡೆಯಲು ಎರಡು ವರ್ಷದ ಸ್ಥಿರ ದಾಂಪತ್ಯ ಬೇಕೆನ್ನುವ ನಿಯಮ ತಾರತಮ್ಯದ್ದು ಎಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್, ನ್ಯಾಯಮೂರ್ತಿ ಕೌಲ್ ಹೇಳಿದರು. ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನೆಯ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಹಾಗಾಗಿ ಇಲ್ಲಿ ಎರಡನೆಯ ಹೆಣ್ಣುಮಗಳಿಗೆ 42ನೇ ಕಲಮಿನಂಥ ಆಸರೆಯೂ ಇಲ್ಲ, ಸಂಗಾತಿಯ ಮಗುವನ್ನು ದತ್ತು ಪಡೆಯುವ ದಾರಿಯೂ ಇಲ್ಲ.

ಈಚೆಗೆ ಬೆಂಗಳೂರಿನಿಂದ ಇಬ್ಬರು ಹುಡುಗಿಯರು ನನ್ನ ತಂಗಿಯ ಮಗಳ ಮೂಲಕ ನಂಬರು ಪಡೆದು ಫೋನ್ ಮಾಡಿದರು. ಒಬ್ಬಳು ಬ್ಯಾಂಕಿನಲ್ಲಿ, ಇನ್ನೊಬ್ಬಳು ಸಾಫ್ಟ್‌ವೇರಿನಲ್ಲಿ. 'ಆಂಟಿ, ನಾವೇನು ಮಾಡಿಟ್ಕೊಬೇಕು ಹೇಳಿ' ಎಂದರು. ವಕೀಲರನ್ನು ಕಾಣಿ ಎಂದೆ ಮೊದಲು. ಆಮೇಲೆ ನನಗೆ ತಿಳಿದದ್ದನ್ನು ಹೇಳಿದೆ. ಏನೇ ಆದರೂ ಪರಿಚಯದವನ ವೀರ್ಯ ತೆಗೆದುಕೊಂಡು ಮನೆಯಲ್ಲಿ ಮಾಡಿಕೊಳ್ಳಬೇಡಿ. ಕ್ಲಿನಿಕ್ಕಿನ ಹೊರಗೆ ಆದದ್ದಕ್ಕೆ ನಮ್ಮ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ, ಅವನು ಮುಂದೊಂದು ದಿನ ಮಗು ನನ್ನದು ಎಂದು ಬಂದು ನಿಲ್ಲಬಹುದು. ಹೆರುವವಳು ಉಯಿಲು ಬರೆದಿಡಲಿ, ತನ್ನ ನಂತರ ಮಗುವಿನ ಪಾಲಕಿ ಇವಳೇ ಆಗಬೇಕೆಂದು ಹೆಸರಿಸಿ. ಅದು ಪೋಷಕತ್ವವಾಗುವುದಿಲ್ಲ, ಅಜ್ಜ ಅಜ್ಜಿ ಕೋರ್ಟಿಗೆ ಹೋದರೆ ವಾದಕ್ಕೆ ಒಂದು ಆಧಾರವಾಗುತ್ತದೆ. ಇನ್ನೊಬ್ಬಳು ತನ್ನ ಆಸ್ತಿಯನ್ನು ಉಯಿಲಿನಲ್ಲೇ ಮಗುವಿಗೆ ಬರೆಯಲಿ, ಏಕೆಂದರೆ ಉಯಿಲಿಲ್ಲದೆ ತೀರಿಕೊಂಡರೆ ಮಗುವಿಗೆ ಅವಳಿಂದ ಚಿಕ್ಕಾಸೂ ಬರುವುದಿಲ್ಲ. ಶಾಲೆ, ಆಸ್ಪತ್ರೆಗಳಿಗೆ ತಾಯಿಯ ಸಹಿಯಿರುವ ಅಧಿಕಾರ ಪತ್ರ ಮಾಡಿಸಿ. ವಿಮೆ, ಬ್ಯಾಂಕ್ ಖಾತೆ ಎಲ್ಲದರಲ್ಲೂ ನಾಮನಿರ್ದೇಶನ ನೋಡಿಕೊಳ್ಳಿ. ಎರಡೂ ಮನೆಯವರಿಗೆ ಈಗಲೇ ಹೇಳಿ, ಮಗು ಬಂದಮೇಲೆ ಹೇಳಬೇಡಿ.

ಸಾಫ್ಟ್‌ವೇರಿನ ಹುಡುಗಿ, ಅವಳೇ ಹೆರದವಳು, ಎಲ್ಲ ಕೇಳಿಸಿಕೊಂಡು ಕೊನೆಗೆ ಕೇಳಿದಳು: 'ಬರ್ತ್ ಸರ್ಟಿಫಿಕೇಟ್‌ನಲ್ಲಿ ನನ್ನ ಹೆಸ್ರು ಬರೋಕೆ ಏನಾದ್ರೂ ದಾರಿ ಇದ್ಯಾ ಆಂಟಿ?'

ಇಲ್ಲ ಎಂದೆ. ಕಾಯ್ದೆಯಲ್ಲಿ ಏನು ಬದಲಾದರೆ ಬರುತ್ತದೆ ಎಂದೂ ಹೇಳಿದೆ. 2021ರ ಕಾಯ್ದೆಯ 31ನೇ ಕಲಮಿಗೆ ಒಂದು ಉಪಕಲಂ ಸೇರಿಸಬೇಕು: ಚಿಕಿತ್ಸೆಗೆ ಮುನ್ನ ಆ ಹೆಣ್ಣೂ ಅವಳು ಹೆಸರಿಸಿದ ಇನ್ನೊಬ್ಬ ವ್ಯಕ್ತಿಯೂ ಬರವಣಿಗೆಯಲ್ಲಿ ಒಪ್ಪಿದ್ದರೆ, ಹುಟ್ಟುವ ಮಗುವಿಗೆ ಆ ವ್ಯಕ್ತಿಯೂ ಪೋಷಕ. ಇದಕ್ಕೆ ಮದುವೆಯ ಕಾನೂನನ್ನು ಮುಟ್ಟಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಮದುವೆಯಾಗದವರಿಗೆ ಈಗ ನಡೆಯುತ್ತಿರುವುದು ಇದೇ. ಸಲಿಂಗ ಮದುವೆ ಅಲ್ಲಿ ಶುರುವಾದದ್ದು 2014ರ ಮಾರ್ಚಿನಲ್ಲಿ, ಈ ಕಲಮುಗಳು ಅದಕ್ಕೆ ಐದು ವರ್ಷ ಮೊದಲೇ ಬಂದಿದ್ದವು. ಜನನ ನೋಂದಣಿಯ ನಮೂನೆಯಲ್ಲಿ ತಂದೆಯ ಕಾಲಮನ್ನು ತಂದೆ ಅಥವಾ ಪೋಷಕ ಎಂದು ತಿದ್ದಿದರೆ ನಮ್ಮ ಗುಮಾಸ್ತರಿಗೆ ಇನ್ನೇನೂ ಹೊಸದಾಗಿ ಕಲಿಯಬೇಕಾಗಿಲ್ಲ. ಇದನ್ನು ಒಂದು ಮನವಿಯಾಗಿ ಬರೆದು ನಮ್ಮ ಸಂಸದರಿಗೂ ಕೇಂದ್ರ ಆರೋಗ್ಯ ಸಚಿವಾಲಯಕ್ಕೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಸ್ವೀಕೃತಿ ಬಂದಿದೆ, ಉತ್ತರ ಬಂದಿಲ್ಲ. ಆ ಹುಡುಗಿಯರು ಅದರ ನಕಲು ತರಿಸಿಕೊಂಡು ತಮ್ಮ ಹೆಸರಿನಲ್ಲೂ ಒಂದು ಕಳಿಸಿದ್ದಾರೆ. ಕ್ಲಿನಿಕ್ಕಿನಲ್ಲಿ ಅವರಿಗೆ ಮುಂದಿನ ತಿಂಗಳು ದಿನ ಗೊತ್ತಾಗಿದೆ.